ಕಿವಿಯ ವಕಾಲತ್ತು

ಮನುಷ್ಯ ತನ್ನ ಅಭಿಪ್ರಾಯಗಳನ್ನು ತಲೆಯಿಂದ ರೂಪಿಸಿಕೊಳ್ಳುತ್ತಾನೆ ಎಂದು ಬಲ್ಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ಸುಳ್ಳು. ನನ್ನ ಅಭಿಪ್ರಾಯಗಳಲ್ಲಿ ಅರ್ಧ ಕಿವಿಯಲ್ಲಿ ಹುಟ್ಟಿದವು, ಕೆಲವು ಮೂಗಿನಲ್ಲಿ, ಇನ್ನು ಕೆಲವು ಅಂಗಿಯ ಕಾಲರಿನೊಳಗೆ ದರ್ಜಿ ಹೊಲಿದಿಟ್ಟ ಹೆಸರಿನ ಪಟ್ಟಿ ಕುತ್ತಿಗೆಯನ್ನು ಕೊರೆಯುವ ಜಾಗದಲ್ಲಿ. ತಲೆ ಆಮೇಲೆ ಬರುತ್ತದೆ, ಕರಿ ಕೋಟು ತೊಟ್ಟುಕೊಂಡು. ಕಕ್ಷಿದಾರ ಯಾರೇ ಇರಲಿ, ಅವನ ಪರವಾಗಿ ಕಾರಣ ಹುಡುಕಿ ಕೊಡುವುದು ಅದರ ಉದ್ಯೋಗ. ನನ್ನ ತಲೆ ಈ ಉದ್ಯೋಗದಲ್ಲಿ ಬಹುಮಾನ ಪಡೆದದ್ದು. ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂರು ಢಾಲುಗಳು ಈಗಲೂ ಇಳಕಲ್ಲಿನ ನಮ್ಮ ಮನೆಯ ಮಾಡದಲ್ಲಿ ನೂಲಿನ ಲಡಿಗಳ ಹಿಂದೆ ನಿಂತಿವೆ.

ಮೊದಲು ಕಕ್ಷಿದಾರರ ಪರಿಚಯ ಮಾಡಿಕೊಡುತ್ತೇನೆ. ಸ್ಟೀಲ್ ತಾಟಿನ ಮೇಲೆ ಯಾರಾದರೂ ಚಮಚ ಎಳೆದರೆ ನನ್ನ ಹಲ್ಲುಗಳು ಬೇರುಸಹಿತ ಎದ್ದು ನಿಲ್ಲುತ್ತವೆ. ಟ್ಯೂಬ್‌ಲೈಟ್ ಗುಂಯ್ ಎನ್ನುವುದು ಉಳಿದವರಿಗೆ ಕೇಳುವುದೇ ಇಲ್ಲವಂತೆ. ನನಗೆ ಅದು ಹೇಳದೆ ಬಂದು ಏಳದೆ ಕೂತ ಬೀಗರಷ್ಟು ಸ್ಪಷ್ಟ. ಒಣಗಿ ಗರಿಗರಿಯಾದ ಕಟಕ ರೊಟ್ಟಿ ಎಂದರೆ ನನಗೆ ಪ್ರಾಣ, ಆದರೆ ಕಡಿಯುವವನು ನಾನೇ ಆಗಿರಬೇಕು. ಪಕ್ಕದವನು ಕಡಿದರೆ ನನಗೆ ಅವನ ಮೇಲೆ ಹಳೆಯ ದ್ವೇಷ ಇದ್ದಂತೆ ಅನಿಸುತ್ತದೆ. ಇದರಲ್ಲಿ ತರ್ಕದೋಷ ಇದೆ ಎಂಬುದು ನನಗೂ ಗೊತ್ತು. ಚರ್ಚಾಸ್ಪರ್ಧೆಗೆ ಹೋಗುವಾಗ ಅಮೀನಗಡದಲ್ಲಿ ಬಸ್ಸು ನಿಂತರೆ ಗೆಳೆಯರು ಕರದಂಟು ಕೊಳ್ಳುತ್ತಿದ್ದರು. ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಅಂಟು ಒಮ್ಮೆ ದವಡೆ ಹಿಡಿದರೆ ಬಾಗಲಕೋಟೆ ಮುಟ್ಟುವವರೆಗೂ ನನ್ನ ನಾಲಿಗೆಗೆ ಅದನ್ನು ಬಿಡಿಸುವುದೇ ಕೆಲಸ. ಭಾಷಣದ ತಾಲೀಮು ಎಲ್ಲಿಂದ ಬರಬೇಕು? ಒಮ್ಮೆ ಕಾಲೇಜಿನಿಂದ ಬಾದಾಮಿಗೆ ಹೋದಾಗ ಎಲ್ಲರೂ ಶಿಲ್ಪ ನೋಡುತ್ತಿದ್ದರೆ ನಾನು ಗುಹೆಯ ಕಂಬಕ್ಕೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದೆ. ಕಲ್ಲು ತಣ್ಣಗಿತ್ತು, ಮಾತಾಡುತ್ತಿರಲಿಲ್ಲ. ಗೈಡ್ ನನ್ನತ್ತ ಕೈ ಮಾಡಿ, "ನೋಡ್ರಿ, ಇನ್ನೂ ಇಂಥಾ ಭಕ್ತರು ಅದಾರ" ಎಂದು ಪ್ರವಾಸಿಗರಿಗೆ ತೋರಿಸಿದ. ದೇವರ ಅಸ್ತಿತ್ವದ ವಿರುದ್ಧ ಮಾತಾಡಿ ಒಂದು ಢಾಲು ಗೆದ್ದವನು ನಾನು. ಆದರೂ ಸುಮ್ಮನಿದ್ದೆ. ಕಂಬ ಬಿಡಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಇದಕ್ಕೆ ಅಣ್ಣ ಇಟ್ಟ ಹೆಸರು ಸೊಕ್ಕು. ಅವ್ವ ಇಟ್ಟ ಹೆಸರು ನೆದರು, ಅಂದರೆ ಕಂಡವರ ಕೆಟ್ಟ ದೃಷ್ಟಿ. ಢಾಲು ಗೆದ್ದು ಬಂದಾಗಲೆಲ್ಲ ಅವ್ವ ನನ್ನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಇದರ ನಿಯಮ ನಿಮಗೆ ಗೊತ್ತಿರಬಹುದು. ಸುಟ್ಟ ಮೆಣಸಿನಕಾಯಿ ಘಾಟು ಬಂದರೆ ನೆದರು ಆಗಿಲ್ಲ. ಘಾಟು ಬರದಿದ್ದರೆ ಭಾರಿ ನೆದರು ಆಗಿದೆ. ಅವ್ವ ಮೂಗು ಮೇಲೆತ್ತಿ, "ನೋಡ, ಒಂಚೂರರ ಘಾಟ ಐತೇನ? ಊರ ಮಂದಿ ಕಣ್ಣೆಲ್ಲಾ ನಿನ್ನ ಮ್ಯಾಲ ಐತಿ" ಎನ್ನುವಳು. ಅಷ್ಟರಲ್ಲಿ ನಾನು ಕೆಮ್ಮಿ, ಸೀನಿ, ಕಣ್ಣೀರು ಸುರಿಸುತ್ತ ಬಾಗಿಲು ದಾಟಿರುತ್ತಿದ್ದೆ. "ಅವ್ವಾ, ಘಾಟ ಐತಿ, ನಾ ಸಾಯಾಕತ್ತೇನಿ, ಅಂದ ಮ್ಯಾಲ ನೆದರ ಆಗಿಲ್ಲ" ಎಂದು ಹೊರಗಿನಿಂದಲೇ ವಾದಿಸುತ್ತಿದ್ದೆ. "ಎಲ್ಲಾರಿಗೂ ಇಲ್ಲದ ಘಾಟ ನಿನಗೊಬ್ಬಗ ಬಂತಂದ್ರ ಅದ ನೆದರ" ಎಂದು ಅವ್ವ. ನಾನು ಸೋತ ವಾದಗಳಲ್ಲಿ ಇದೂ ಒಂದು. ಕೊನೆಗೆ ಬಾಗಲಕೋಟೆಯ ಕಿವಿ ದವಾಖಾನೆಗೂ ಹೋಗಿ ಬಂದೆ. ಡಾಕ್ಟರು ಏನೇನೋ ಯಂತ್ರ ಹಚ್ಚಿ ನೋಡಿ, "ಕಿವಿ ಭಾಳ ಚೊಲೋ ಅದಾವು" ಎಂದರು. "ಅದ ತ್ರಾಸು ಆಗೇತ್ರಿ" ಎಂದೆ. ಚೊಲೋ ಇರುವುದಕ್ಕೆ ಅವರಲ್ಲಿ ಔಷಧ ಇರಲಿಲ್ಲ.

ಇಂಥ ನಾನು ಹುಟ್ಟಿದ್ದು ನೇಕಾರರ ಮನೆಯಲ್ಲಿ. ನಡುಮನೆಯಲ್ಲಿ ಎರಡು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗೆ ಮಣೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತ ನೇಯಬೇಕು. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ಅಣ್ಣನ ಹೆಂಡತಿ ನೀಲವ್ವ ವೈನಿ. ಆ ಸದ್ದು ನನಗೆ ಹೇಗೋ ಒಗ್ಗಿತ್ತು. ಕೈಮಗ್ಗ ಮನುಷ್ಯನಂತೆ ಸದ್ದು ಮಾಡುತ್ತದೆ. ನಡುನಡುವೆ ನಿಲ್ಲುತ್ತದೆ, ನೀರು ಕುಡಿಯುತ್ತದೆ, ಆಕಳಿಸುತ್ತದೆ, ಓಣಿಯಲ್ಲಿ ಯಾರಾದರೂ ಹಾದುಹೋದರೆ ಮಾತಾಡಿಸಿ ಮುಂದುವರಿಯುತ್ತದೆ. ಬಿ.ಎ. ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನೆಪದಲ್ಲಿ ನಾನು ಮನೆಯಲ್ಲೇ ಇದ್ದೆ. ಹೊಸ ಶತಮಾನಕ್ಕೆ ಜಗತ್ತಿನ ಕಂಪ್ಯೂಟರುಗಳೆಲ್ಲ ಒಮ್ಮೆಲೇ ಕೆಡುತ್ತವೆ ಎಂದು ಪೇಪರಿನವರು ಹೆದರಿಸುತ್ತಿದ್ದ ಕಾಲ ಅದು. ಜಗತ್ತು ಕೆಡಲಿಲ್ಲ. ನಮ್ಮ ಅಣ್ಣ ಮಾತ್ರ ಒಂದು ದಿನ ಊಟಕ್ಕೆ ಕೂತವನು, "ಮಗ್ಗ ಎರಡೂ ತಗದು ಪವರ್‌ಲೂಮ್ ಹಾಕೋಣು ಅಂತೇನಿ" ಎಂದ.

ಮರುದಿನ ಅಣ್ಣ ನನ್ನನ್ನು ಹಿಂದಿನ ಓಣಿಯ ಇಮಾಮ್ ಚಾಚಾ ಅವರ ಶೆಡ್ಡಿಗೆ ಕರೆದೊಯ್ದ. ಚಾಚಾ ಮೊದಲು ನಮ್ಮಂತೆಯೇ ಕೈಮಗ್ಗದವರು. ವರ್ಷದ ಹಿಂದೆ ನಾಲ್ಕು ಪವರ್‌ಲೂಮ್ ಹಾಕಿದ್ದರು. ಒಳಗೆ ಕಾಲಿಟ್ಟೆ. ಅದು ಸದ್ದಲ್ಲ, ಏಟು. ಖಡಾಖಡ್ ಖಡಾಖಡ್ ಎಂದು ಯಾರೋ ನನ್ನ ತಲೆಬುರುಡೆಯನ್ನೇ ತಗಡಿನ ಡಬ್ಬಿ ಮಾಡಿಕೊಂಡು ಬಾರಿಸುತ್ತಿದ್ದಂತಿತ್ತು. ಅಂಗಾಲಿನಿಂದ ಏರಿ ದವಡೆಯಲ್ಲಿ ನಡುಗುತ್ತಿತ್ತು. ಎಣ್ಣೆಯ ವಾಸನೆ ಬೇರೆ. ಎರಡೂ ಕಿವಿಗೆ ಕೈ ಒತ್ತಿಕೊಂಡು ಹೊರಗೆ ಬಂದು ಬೇವಿನ ಮರ ಹಿಡಿದು ನಿಂತೆ. ಚಾಚಾ ನಗುತ್ತ ಹಿಂದೆಯೇ ಬಂದರು. "ನನಗೂ ಮೊದಲ ಹಿಂಗ ಆಗ್ತಿತ್ತಪಾ. ಈಗ ನೋಡ, ಗದ್ದಲದಾಗ ಗಡದ್ದ ನಿದ್ದಿ. ಕರೆಂಟ್ ಹೋತಂದ್ರ ಎಚ್ಚರಾಗತೈತಿ." ಸಮಾಧಾನ ಮಾಡಲೆಂದೇ ಅವರು ಹೇಳಿದ್ದು. ನನಗೆ ಮಾತ್ರ ನನ್ನ ಭವಿಷ್ಯ ಕಣ್ಣ ಮುಂದೆ ಬಂದು ಇನ್ನಷ್ಟು ಚಡಪಡಿಕೆಯಾಯಿತು.

"ಅಣ್ಣಾ, ನನ್ನ ಕಿವಿಗೆ ಆಗಂಗಿಲ್ಲ" ಎಂದು ನಾನು ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕೆಲಸವಿಲ್ಲದೆ ಅಣ್ಣನ ದುಡಿಮೆಯಲ್ಲಿ ಉಣ್ಣುವ ಗಟ್ಟಿ ಆಳು ಕಿವಿಯ ಕಾರಣ ಕೊಟ್ಟು ಮನೆಯ ಕಸುಬನ್ನು ತಡೆದರೆ ಓಣಿ ನಗುವುದಿಲ್ಲವೇ? ಆದ್ದರಿಂದ ಕರಿ ಕೋಟು ಹೊರಗೆ ಬಂತು. ಅವತ್ತು ಊಟಕ್ಕೆ ಕೂತಾಗ ನಾನು ಪರಂಪರೆಯ ಪರವಾಗಿ ಮಾತಾಡಿದೆ. ಇಳಕಲ್ ಸೀರೆಯ ಜೀವ ಇರುವುದು ಕೊಂಡಿಯಲ್ಲಿ. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಬೆರಳು ಯಾವ ಯಂತ್ರಕ್ಕಿದೆ ಎಂದು ಕೇಳಿದೆ. ಅಜ್ಜ ತೋಡಿದ ಕುಣಿಯನ್ನು ಮೊಮ್ಮಕ್ಕಳು ಮುಚ್ಚುವುದೇ ಎಂದೆ. ಯಂತ್ರ ಒಬ್ಬನಿಗೆ ಅನ್ನ ಕೊಟ್ಟು ನಾಲ್ವರ ಅನ್ನ ಕಸಿಯುತ್ತದೆ ಎಂದೆ. ಅಜ್ಜನ ಹೆಸರು ಬಂದಾಗಿನಿಂದ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಿರ್ಣಾಯಕರು ಕರಗಿದ್ದನ್ನು ನಾನು ಬಲ್ಲೆ, ಅಲ್ಲಿಗೇ ನಿಲ್ಲಿಸಿದೆ.

ಅಣ್ಣನಿಗೆ ಮಾತು ಬರುವುದಿಲ್ಲ. "ಹಂಗಲ್ಲೋ... ಮಾಲು ಲಗೂ ಆಗತೈತಿ. ಕೆಲಸ ಹಗುರ ಆಗತೈತಿ" ಎಂದ.

"ಹಗುರ ಆಗೂದು ಕೆಲಸ ಅಲ್ಲ ಅಣ್ಣಾ, ಕಸುಬಿನ ಮಾನ" ಎಂದೆ.

ಅವ್ವ, "ಹುಡುಗ ಖರೆ ಅಂತಾನ. ಬ್ಯಾಡ ಬಿಡೋ" ಎಂದಳು. ಅಣ್ಣ ಒಮ್ಮೆ ಒಲೆಯ ಕಡೆ ನೋಡಿ, ತಾಟಿನಲ್ಲೇ ಕೈ ತೊಳೆದು ಎದ್ದುಹೋದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ವೈನಿ ತಿರುಗಿ ನೋಡಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ತುಸು ಜೋರಾಯಿತು. ನನ್ನ ಕಿವಿ ಅದನ್ನು ಗಮನಿಸಿತು, ವಕೀಲ ಗಮನಿಸಲಿಲ್ಲ.

ಗೆದ್ದ ಮೇಲೆ ಒಂದೆರಡು ತಿಂಗಳು ನೆಮ್ಮದಿಯಾಗಿರಬೇಕಿತ್ತು. ಇರಲಿಲ್ಲ. ಪವರ್‌ಲೂಮ್ ತಪ್ಪಿತೆಂದು ಕಿವಿ ಸುಮ್ಮನೆ ಕೂರುವುದೇ? ಅದು ಮನೆಯೊಳಗೆ ಹೊಸ ವೈರಿಗಳನ್ನು ಹುಡುಕತೊಡಗಿತು. ಪುಸ್ತಕ ಹಿಡಿದರೆ ನಲ್ಲಿಯ ತಟಕು ಕೇಳುತ್ತಿತ್ತು. ಜಾಗ ಬದಲಿಸಿದರೆ ಗಡಿಯಾರ. ಇವುಗಳ ಜೊತೆಗೆ ನಡುಮನೆಯಿಂದ ದಿನಕ್ಕೆ ಹತ್ತು ಸಲ ಲಟಕ್ ಎಂದು ಒಂದು ಸದ್ದು ಬರುತ್ತಿತ್ತು, ಒಣ ಕಡ್ಡಿ ಮುರಿದಂತೆ. ಅದರ ಹಿಂದೆಯೇ ಮೂಗಿನಲ್ಲಿ ಬಿಟ್ಟ ಒಂದು ಉಸಿರು. ನಾನು ಅದನ್ನೂ ಕಿರಿಕಿರಿಗಳ ಪಟ್ಟಿಗೆ ಸೇರಿಸಿದೆ. ಮಗ್ಗದ ಯಾವುದೋ ಕೀಲು ಸಡಿಲಾಗಿರಬೇಕು, ಅಣ್ಣ ಎಣ್ಣೆಯನ್ನೂ ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬಂತು. ಒಂದು ಮಧ್ಯಾಹ್ನ ಎಣ್ಣೆ ಬಾಟಲಿ ಹಿಡಿದು ನಾನೇ ಹೋದೆ.

ವೈನಿ ಕುಣಿಯಿಂದ ಮೇಲೇಳುತ್ತಿದ್ದರು. ಎರಡೂ ಕೈಯಿಂದ ಕಂಬ ಹಿಡಿದು, ಒಂದು ಕಾಲು ಮೇಲೆ ಹಾಕಿ, ಇನ್ನೊಂದನ್ನು ಎತ್ತಿದರು. ಲಟಕ್. ಸದ್ದು ಬಂದದ್ದು ಮೊಣಕಾಲಿನಿಂದ.

"ಏನ್ರಿ ಮಾಂತೇಶಪ್ಪಾ, ಎಣ್ಣಿ ಯಾಕ ತಂದ್ರಿ?" ಎಂದು ಕೇಳಿದರು.

ನಾನು ಬಾಟಲಿಯನ್ನು ಬೆನ್ನಿನ ಹಿಂದೆ ಹಿಡಿದು, "ವೈನಿ, ಇದು ಯಾವಾಗಿಂದ?" ಎಂದೆ.

"ಎರಡನೇ ಕೂಸ ಹಡದ ಮ್ಯಾಲಿಂದ. ಕುಣ್ಯಾಗ ಥಂಡಿ ನೋಡ್ರಿ. ಪವರ್‌ಲೂಮಾದ್ರ ನಿಂತ ಮಾಡಬಹುದು, ತುಳಿಯೂದಿರಂಗಿಲ್ಲ ಅಂತ ನಿಮ್ಮ ಅಣ್ಣಾರು ಅಂದಿದ್ರು." ಸೆರಗು ಸರಿ ಮಾಡಿಕೊಂಡರು. "ಇರಲಿ ಬಿಡ್ರಿ. ನೀವು ಭಾಷಣ ಚೊಲೋ ಮಾಡಿದ್ರಿ. ಕಸುಬಿನ ಮಾನ ಉಳೀತು."

ಈ ಕೊನೆಯ ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಸಂಜೆ ಅಣ್ಣನನ್ನು ಹಿತ್ತಲಲ್ಲಿ ಹಿಡಿದು ಜಗಳ ತೆಗೆದೆ. ವೈನಿಯ ಮೊಣಕಾಲಿನ ವಿಷಯ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಣ್ಣ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ಅವ್ವನ ಮುಂದ ಕುಂತು, ಹೇಣ್ತಿ ಕಾಲ ನೋಯಾಕತ್ತಾವು, ಮಗ್ಗ ತಗೀತೇನಿ ಅನ್ನಲೇನ? ನಮ್ಮ ಮನ್ಯಾಗ ಯಾರರ ಹಂಗ ಅಂದಾರೇನ? ನಾ ಹಗುರ ಆಗತೈತಿ ಅಂದ್ಯಾ. ಯಾರಿಗೆ ಅಂತ ನೀ ಕೇಳಬೇಕಿತ್ತು. ಶಾಣ್ಯಾ ನೀನ ಅಲ್ಲೇನ?"

ಅಂದರೆ ಅವತ್ತಿನ ಚರ್ಚೆಯಲ್ಲಿ ಇಬ್ಬರೂ ಸುಳ್ಳು ವಿಷಯದ ಮೇಲೆ ಮಾತಾಡಿದ್ದೆವು. ಅಣ್ಣ ಮಾಲಿನ ಹೆಸರಿನಲ್ಲಿ ಹೆಂಡತಿಯ ಮೊಣಕಾಲಿನ ಪರ. ನಾನು ಪರಂಪರೆಯ ಹೆಸರಿನಲ್ಲಿ ನನ್ನ ಕಿವಿಯ ಪರ. ಕಾಲು ಸೋತು ಕಿವಿ ಗೆದ್ದಿತ್ತು, ಅದೂ ಅಜ್ಜನ ಸಾಕ್ಷಿಯಿಂದ. ಚರ್ಚಾಪಟುವಿಗೆ ಮರುದಿನವೇ ವಿರೋಧ ಪಕ್ಷದಿಂದ ಮಾತಾಡುವುದು ಕಷ್ಟವಲ್ಲ. ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲರೂ ಇದ್ದಾಗ ಯಂತ್ರನಾಗರಿಕತೆಯ ಪರವಾಗಿ ಶುರು ಮಾಡಿದೆ. ಅವ್ವ ಕೈಯೆತ್ತಿ ತಡೆದಳು. "ತಡಿ. ಮೊನ್ನಿ ಅಜ್ಜನ ಹೆಸರ ಹೇಳಿ ನನ್ನ ಅಳಿಸಿದಿ. ಇವತ್ತ ಪವರ್‌ಲೂಮ್ ಬೇಕಂತಿ. ಯಾವುದು ಖರೆ?"

ವೈನಿಯ ಕಾಲಿನ ವಿಷಯ ನಾನು ಎತ್ತಿದರೆ ಅಣ್ಣನ ಮರ್ಯಾದೆ ಹೋಗುತ್ತಿತ್ತು. ಉಳಿದದ್ದು ನನ್ನದೊಂದೇ. "ಪವರ್‌ಲೂಮ್ ಸದ್ದು ನನ್ನ ಕಿವಿಗೆ ಆಗಂಗಿಲ್ಲ ಅವ್ವಾ. ಅದಕ್ಕ ಬ್ಯಾಡ ಅಂದಿದ್ದೆ. ಅಜ್ಜಂದು ಸುಳ್ಳ" ಎಂದೆ.

ಅವ್ವ ಬಸಿಯಲ್ಲಿದ್ದ ಚಹಾ ಊದಿ, ಸೊರ್ರೆಂದು ಹೀರಿದಳು. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಆಮೇಲೆ ಸೊಸೆಯ ಕಡೆ ತಿರುಗದೆಯೇ, "ಕಿವಿಗಾದ್ರ ಅರಳಿ ಇಟಗೋಬಹುದು. ಮೊಣಕಾಲಿಗೆ ಏನ ಇಡತಿ? ನನ್ನ ಕಾಲೂ ಇದ ಕುಣಿ ತಿಂದೈತಿ. ನನಗ ಕಾಣಂಗಿಲ್ಲ ಅಂತ ತಿಳದಿರೇನ?" ಎಂದಳು. ಅಣ್ಣ ನೆಲ ನೋಡಿದ. ವೈನಿ ಬಾಯಿಗೆ ಸೆರಗು ಒತ್ತಿ, "ಇವರ ಭಾಷಣ ತಡಕೊಂಡ ಕಿವಿಗೆ ಪವರ್‌ಲೂಮ್ ಏನ ಮಹಾ ಬಿಡ್ರಿ ಅತ್ತಿ" ಎಂದರು. ಅವತ್ತು ಊಟಕ್ಕೆ ಕೂತಾಗ ಗೆದ್ದ ಢಾಲನ್ನು ನಾನು ಮನಸ್ಸಿನಲ್ಲೇ ವಾಪಸು ಕೊಟ್ಟೆ.

ಯಂತ್ರ ಬಂತು. ಒಂದು ಕುಣಿ ಮುಚ್ಚಿದರು. ಇನ್ನೊಂದನ್ನು ಅಣ್ಣ ಕೊಂಡಿಯ ಸೀರೆಗೆಂದು ಉಳಿಸಿಕೊಂಡ. ನಾನು ಕಿವಿಗೆ ಅರಳೆ ತುರುಕಿಕೊಂಡು ಅಟ್ಟದಲ್ಲಿ ಓದುತ್ತೇನೆ, ಅರಳೆ ಚುಚ್ಚುತ್ತದೆ, ತೆಗೆಯುತ್ತೇನೆ, ಮತ್ತೆ ತುರುಕುತ್ತೇನೆ. ಇಮಾಮ್ ಚಾಚಾ ಹೇಳಿದ ಗಡದ್ದ ನಿದ್ದೆ ನನಗೆ ಇನ್ನೂ ಬಂದಿಲ್ಲ. ವೈನಿ ಮಾತ್ರ ನಿಂತು, ಎರಡು ಹೆಜ್ಜೆ ಅಡ್ಡಾಡಿ, ಎಳೆ ಕಡಿದಲ್ಲಿ ಗಂಟು ಹಾಕುತ್ತ ಆರಾಮಾಗಿ ಕಾಣುತ್ತಾರೆ. ಮೊನ್ನೆ ಊಟಕ್ಕೆ ಇಳಿದು ಬಂದಾಗ ಯಂತ್ರ ಓಡುತ್ತಿತ್ತು. ಬಾಗಿಲಲ್ಲಿ ನಿಂತು, "ವೈನಿ, ಮೊಣಕಾಲು ಈಗ ಹೆಂಗೈತ್ರಿ?" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರು ನನ್ನ ತುಟಿಗಳನ್ನೇ ನೋಡಿ, ಆದರದಿಂದ ತಲೆದೂಗಿ, ಅಷ್ಟೇ ಜೋರಾಗಿ ಕೂಗಿದರು:

"ಹೌದ್ರಿ ಮಾಂತೇಶಪ್ಪಾ, ನೀವು ಅನ್ನೂದು ಖರೆ ಐತಿ."

ಹುಟ್ಟಿದಾಗಿನಿಂದ ಈ ಮನೆಯಲ್ಲಿ ಯಾರೂ ನನ್ನ ಮಾತನ್ನು ಇಷ್ಟು ಬೇಗ ಒಪ್ಪಿದವರಿಲ್ಲ.