ಬ್ಯಾಲೆಗೆ ಭೈರವಿ ಹಚ್ಚಿದೆ

ಸಂಗೀತದ ವಿಷಯದಲ್ಲಿ ನನಗೆ ಸಂಶಯ ಎಂಬುದು ಬಂದದ್ದೇ ಇಲ್ಲ. ಎಷ್ಟೋ ವರ್ಷಗಳಿಂದ ಸೋಮವಾರದ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದೇನೆ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಅದರ ಷಡ್ಜ ಹಾರ್ಮೋನಿಯಂನ ಯಾವ ಪಟ್ಟಿಯ ಮೇಲಿದೆ, ಕಪ್ಪು ಎರಡೋ ಬಿಳಿ ನಾಲ್ಕೋ ಎಂದು ಯಾರೂ ಕೇಳದಿದ್ದರೂ ಹೇಳುವವನು ನಾನು.

ಆದ್ದರಿಂದ ನನ್ನ ಹೆಂಡತಿ ಸರೋಜಾ ಆ ರೆಕಾರ್ಡಿಂಗ್ ತಂದಾಗ ಹಿಗ್ಗಿಹೋದೆ. ಅವಳು ಮನೆಯಲ್ಲಿ ಹುಡುಗಿಯರಿಗೆ ನೃತ್ಯ ಕಲಿಸುತ್ತಾಳೆ. "ಕುಣಿತಕ್ಕ ಇಲ್ಲಿ ಜಾಗಾ ಇಲ್ಲ" ಎನ್ನುತ್ತಲೇ ಬಂದಿದ್ದ ನಮ್ಮೂರ ಸಂಗೀತ ಸಭೆಯ ಹಿರಿಯರು ಈ ಸಲ ಅಂತೂ ಇಂತೂ ಅರ್ಧ ತಾಸು ಕೊಟ್ಟಿದ್ದರು. ಜನಕ್ಕೆ ಹಿಡಿಸಿದರೆ ಪ್ರತಿ ವರ್ಷ. ಹಿಡಿಸದಿದ್ದರೆ ಮತ್ತೆ ಕೇಳುವ ಹಾಗಿಲ್ಲ. ಅವಳು ಆರಿಸಿದ್ದು ಯಾವುದೋ ಪರದೇಶದ ಬ್ಯಾಲೆ, ಹತ್ತಾರು ವಾದ್ಯಗಳು ಒಟ್ಟಿಗೆ ನುಡಿಯುವ ಆರ್ಕೆಸ್ಟ್ರಾ. ಬೆಳಗಾಗುತ್ತದೆ, ಕಾಡಿನ ಹಕ್ಕಿಗಳು ಎದ್ದು ಕುಣಿಯುತ್ತವೆ. ಅಷ್ಟೇ ಕಥೆ.

"ಶುರು ಮಾಡೂಕಿಂತ ಮೊದಲ ನೀವು ಎರಡು ಮಾತು ಹೇಳ್ರಿ," ಎಂದಳು. "ಲಯ ಯಾವುದು, ಶ್ರುತಿ ಯಾವುದು, ಭಾವ ಏನು. ಜನಕ್ಕ ಹೊಸಾದು, ತಿಳೀಬೇಕಲ್ಲ."

"ಇಷ್ಟಕ್ಕ ಯಾಕ ಚಿಂತಿ? ಒಂದು ಸಂಜಿ ಸಾಕು," ಎಂದೆ.

ಸಂಜೆ ಪಕ್ಕದ ಮನೆಯ ಈರಣ್ಣ ತಬಲಾ ಹೊತ್ತುಕೊಂಡು ಬಂದ. ಭಜನೆಯಲ್ಲಿ ಅವನು ನನ್ನ ಜೋಡಿ. ರೆಕಾರ್ಡಿಂಗ್ ಹಚ್ಚಿದೆವು. ಕೊಳಲು ಮೆಲ್ಲಗೆ ಶುರುವಾಯಿತು. ನಾನು ಷಡ್ಜ ಹಿಡಿದೆ: ಕಪ್ಪು ಎರಡು. ಹಿಡಿದು ಇನ್ನೂ ಸುಧಾರಿಸಿಕೊಂಡಿಲ್ಲ, ಪಿಟೀಲುಗಳೆಲ್ಲ ಸೇರಿ ಅದನ್ನು ಎತ್ತಿಕೊಂಡು ಹೋಗಿ ಬಿಳಿ ಐದರ ಮೇಲೆ ಇಟ್ಟವು! ನಾನೂ ಅಲ್ಲಿಗೆ ಹೋದೆ. ಅಷ್ಟರಲ್ಲಿ ತುತ್ತೂರಿಗಳು ಬಂದು ಮತ್ತೆಲ್ಲಿಗೋ ಸಾಗಿಸಿದವು. ಬಾಡಿಗೆಯವರೂ ಇಷ್ಟು ಸಲ ಮನೆ ಬದಲಿಸುವುದಿಲ್ಲ.

ಈರಣ್ಣನ ಕಷ್ಟ ಬೇರೆ. ತಾಳ ಒಂದು ಸುತ್ತು ಮುಗಿಸಿ ಬಂದು ಬೀಳುವ ಮೊದಲ ಪೆಟ್ಟಿಗೆ ಸಮ್ ಎನ್ನುತ್ತಾರೆ. ಅವನು ಕೈ ಎತ್ತಿ ಅದನ್ನೇ ಕಾಯುತ್ತಾ ಕೂತ.

"ಸಮ್ ಎಲ್ಲಿ ಐತೋ?"

"ಬರ್ತೈತಿ, ತಡಿ," ಎಂದೆ.

ಬರಲಿಲ್ಲ. ವಿಲಂಬಿತ ಎಂದು ನಿಧಾನಿಸಿದರೆ ಅದು ಓಡಿತು. ದ್ರುತ ಎಂದು ಬೆನ್ನು ಹತ್ತಿದರೆ ನಿಂತೇಬಿಟ್ಟಿತು.

"ಇದು ಲಯ ಅಲ್ಲಪಾ," ಎಂದು ಈರಣ್ಣ ಬೆವರು ಒರೆಸಿಕೊಂಡ. "ಮುಂಡರಗಿ ಬಸ್ ಇದ್ದಂಗ ಐತಿ. ಕೈ ಮಾಡಿದಲ್ಲೆಲ್ಲಾ ನಿಂದರತೈತಿ."

ಉಳಿದದ್ದು ಭಾವ. ಸರೋಜಾ ಉಲ್ಲಾಸ ಎನ್ನುತ್ತಿದ್ದಳು. ನನಗೆ ಅಳು ಬಂತು. ಈರಣ್ಣನಿಗೆ ನಿದ್ದೆ ಬಂತು. ತಲೆ ಕೆಟ್ಟು, ಸಿಕ್ಕ ಸ್ವರಗಳನ್ನೆಲ್ಲ ಕೂಡಿಸಿ ನೋಡಿದೆ: ರಿ ಕೋಮಲ, ಗ ಕೋಮಲ, ಧ ಕೋಮಲ, ನಿ ಕೋಮಲ. ಇನ್ನೇನು ಬೇಕು? ಭೈರವಿ.

ಸಭೆಯ ದಿನ ಧಾರವಾಡದ ಕಡೆಯಿಂದ ಬಂದ ಪಂಡಿತರು ಖ್ಯಾಲ್ ಮುಗಿಸಿದರು. ಈಗ ಹುಡುಗಿಯರ ನೃತ್ಯ, ಆಮೇಲೆ ಪಂಡಿತರ ಕೊನೆಯ ಹಾಡು ಎಂದು ನಿಗದಿಯಾಗಿತ್ತು. ನಾನು ಮೈಕ್ ಹಿಡಿದೆ.

"ಸನ್ಮಾನ್ಯ ರಸಿಕರೇ, ಪ್ರಸ್ತುತ ಕೃತಿಯ ಶ್ರುತಿಯು ಕಪ್ಪು ಎರಡರಲ್ಲಿ ಆರಂಭಗೊಂಡು ಕಾಲಕಾಲಕ್ಕೆ ವರ್ಗಾವಣೆಗೊಳ್ಳುತ್ತದೆ. ಲಯವು ಅನುಕೂಲಕ್ಕೆ ತಕ್ಕಂತೆ. ರಾಗ, ಭೈರವಿ."

ನಮ್ಮ ಕಡೆ ಕಛೇರಿ ಮುಗಿಯುವುದೇ ಭೈರವಿಯಿಂದ. ಅದರ ಮೇಲೆ ಯಾರೂ ಏನೂ ಹಾಡುವುದಿಲ್ಲ. ನಮ್ಮ ಸಭೆಯಲ್ಲಂತೂ ಭೈರವಿ ಎಂದ ಕೂಡಲೇ ಹಿಂದಿನ ಪೆಂಡಾಲಿನಲ್ಲಿ ಊಟಕ್ಕೆ ಎಲೆ ಹಾಕುವುದು ರೂಢಿ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರತಿ ವರ್ಷ ಮೊದಲ ಪಂಕ್ತಿಯಲ್ಲಿ ಕೂರುವವನೇ ನಾನು.

ಹಿಂದಿನ ಸಾಲು ಎದ್ದಿತು. ನಡುವಿನ ಸಾಲು ಚಪ್ಪಲಿ ಹುಡುಕತೊಡಗಿತು. ಗೋಧಿ ಹುಗ್ಗಿಯ ವಾಸನೆ ಬಂದ ಮೇಲೆ ಮುಂದಿನ ಸಾಲೂ ಉಳಿಯಲಿಲ್ಲ. ಹುಡುಗಿಯರ ತಾಯಂದಿರು ಪರದೆಯ ಹಿಂದೆ ರೆಕ್ಕೆ ಕಟ್ಟುತ್ತಿದ್ದರು, ತಂದೆಯರು ಬಡಿಸುವ ಸರದಿಯಲ್ಲಿದ್ದರು. ನಾನು ಬಾಗಿಲಿಗೆ ಓಡಿದೆ.

"ನಿಂದರ್ರಿ, ಇದು ಆ ಭೈರವಿ ಅಲ್ಲರಿ."

"ಭೈರವಿ ಒಳಗ ಆ ಭೈರವಿ, ಈ ಭೈರವಿ ಅಂತ ಇರತೈತೇನು ತಮ್ಮಾ?" ಎಂದರು ಒಬ್ಬ ಅಜ್ಜ. "ನೀನ ಹೇಳಿದಿ. ಬಾ, ಹುಗ್ಗಿ ಆರತೈತಿ."

ಪಂಡಿತರೂ ತಂಬೂರಿಗೆ ಗವಸು ಹಾಕಿಸಿದರು. "ಭೈರವಿ ಆದ ಮ್ಯಾಲೆ ನಾ ಏನ ಹಾಡ್ಲಿ?" ಎಂದು ಪಂಕ್ತಿಗೆ ನಡೆದರು.

ಅಷ್ಟರಲ್ಲಿ ರೆಕಾರ್ಡಿಂಗ್ ಹಚ್ಚಿ ಹುಡುಗಿಯರು ಕುಣಿಯತೊಡಗಿದ್ದರು. ಐದಾರು ಜನರನ್ನು ಕೈ ಹಿಡಿದು ಎಳೆತಂದೆ. ಅದೇ ಹೊತ್ತಿಗೆ ಸಂಗೀತ ಪೂರಾ ನಿಂತಿತು. ಹುಡುಗಿಯರು ಮುದುಡಿ ಕೂತರು. ಮುಗಿಯಿತೆಂದು ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಅವರೂ ತಟ್ಟಿ, ಬದುಕಿದೆವೆಂದು ಊಟಕ್ಕೆ ಓಡಿದರು. ಅವರು ಹೊರಬೀಳುವುದೇ ತಡ, ಇಡೀ ಆರ್ಕೆಸ್ಟ್ರಾ ಗುಡುಗಿತು. ಬೆಳಗಾದದ್ದು ಆಗ!

ಹಕ್ಕಿಗಳು ರೆಕ್ಕೆ ಬಿಚ್ಚಿ ಕುಣಿದವು. ಅಷ್ಟು ಚೆಂದದ ಕುಣಿತ ನಾನು ಕಂಡಿರಲಿಲ್ಲ. ನೋಡಲು ನಾನಿದ್ದೆ, ಸಮ್ ಹುಡುಕುತ್ತಾ ಈರಣ್ಣನಿದ್ದ. ಪರದೆಯ ಬಳಿ ನಿಂತ ಸರೋಜಾ ಖಾಲಿ ಜಮಖಾನೆಯನ್ನೇ ನೋಡುತ್ತಿದ್ದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಊಟವಾದ ಮೇಲೆ ಸಭೆಯ ಅಧ್ಯಕ್ಷರು ಎಲೆ ಅಡಿಕೆ ಜಗಿಯುತ್ತಾ ಬಂದರು. ಅವರು ಬಾಯಿ ತೆರೆಯುವ ಮೊದಲೇ ಸರೋಜಾ ಹೇಳಿದಳು: "ಇವತ್ತು ಯಾರೂ ನೋಡಿಲ್ಲರಿ. ನೋಡದ ಬ್ಯಾಡ ಅನ್ನಾಕ ಬರೂದಿಲ್ಲ. ಮುಂದಿನ ವರ್ಷ ಮತ್ತ ಕೊಡ್ರಿ."

"ಖರೆ ಐತಿ, ಕೊಡೋಣು," ಎಂದರು ಅವರು. ನನ್ನ ಕಡೆ ನೋಡಿದರು. "ಆದ್ರ ನಿಮ್ಮ ಮನಿಯವರು..."

"ಅವರಿಗೆ ಬ್ಯಾರೆ ಕೆಲಸ ಹಚ್ಚತೇನ್ರಿ. ಬಾಗಲಾ ಚಿಲಕ ಹಾಕಿ ಜನಾ ಎದ್ದು ಹೋಗದಂಗ ನೋಡ್ಕೋತಾರ."

ನನಗೆ ಕೊಂಚ ಸಮಾಧಾನವಾಯಿತು. ಎಷ್ಟೆಂದರೂ ಜವಾಬ್ದಾರಿಯ ಕೆಲಸ. "ಚಿಲಕ ಒಳಗಿಂದ ಹಾಕಲೇನು?" ಎಂದು ಕೇಳಿದೆ.

"ಹೊರಗಿಂದ," ಎಂದಳು ಸರೋಜಾ.