ಅಪ್ಪನ ಉಕ್ಕಿನ ಟೋಪಿ

"ನೋಡ್ತಿರು! ಇವತ್ತು ಅಪ್ಪನ ಟೋಪಿಗೆ ಪಟ್ಟಾಭಿಷೇಕ ಮಾಡದೇ ಇದ್ರೆ ನಾನು ಇನ್ಶೂರೆನ್ಸ್ ಏಜೆಂಟೇ ಅಲ್ಲ!"

ಹೀಗೆಂದು ಘೋಷಿಸಿ ಏಜೆಂಟರು ಡ್ರಿಲ್ಲಿಂಗ್ ಮೆಷಿನ್ ಕೈಗೆತ್ತಿಕೊಂಡರು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಕೂಡ ಎತ್ತಲಿಲ್ಲ.

ಅದು ಅಂತಿಂಥ ಟೋಪಿಯಲ್ಲ. ಸೈನ್ಯದಲ್ಲಿದ್ದ ಅಪ್ಪ ತೊಟ್ಟ ಉಕ್ಕಿನ ಶಿರಸ್ತ್ರಾಣ! ನಿವೃತ್ತಿಯ ದಿನ ಜೊತೆಗಾರರು ನೆನಪಿಗೆಂದು ಕೊಟ್ಟು ಕಳಿಸಿದ್ದು. ಮನೆಯಲ್ಲಿ ಅದರ ಠಿಕಾಣಿ ಬೀರುವಿನ ಮೇಲೆ. "ಒಂದೇ ಒಂದ್ಸಲ ಹಾಕ್ಕೊಳ್ತೀನಪ್ಪಾ" ಎಂದು ಚಿಕ್ಕಂದಿನಲ್ಲಿ ಏಜೆಂಟರು ಗೋಗರೆದಾಗೆಲ್ಲ, "ಅದು ಆಟದ ಸಾಮಾನಲ್ಲ" ಎಂಬ ಉತ್ತರ ಗುಂಡಿನ ಹಾಗೆ ಬರುತ್ತಿತ್ತು. ಅಪ್ಪ ಹೋದ ಮೇಲೆ ಟೋಪಿ ಅಕ್ಕನ ಮನೆಯ ಟ್ರಂಕು ಸೇರಿತ್ತು. ಮೊನ್ನೆ ಅಕ್ಕನೇ ತಂದುಕೊಟ್ಟು, "ಟ್ರಂಕಿನಲ್ಲಿ ತುಕ್ಕು ಹಿಡೀತಿದೆ ಕಣೋ ಪುಟ್ಟ. ಮರ್ಯಾದೆಯಾಗಿ, ನಾಲ್ಕು ಜನಕ್ಕೆ ಕಾಣೋ ಹಾಗಿಡು. ಭಾನುವಾರ ಬಂದು ನೋಡ್ತೀನಿ" ಎಂದಿದ್ದಳು.

ಆ ಭಾನುವಾರ ಇವತ್ತೇ.

ಏಜೆಂಟರು ಮುಂಬಾಗಿಲ ಮೇಲ್ಗಡೆ ಗೋಡೆ ಕೊರೆಯತೊಡಗಿದರು.

"ಬಾಗಿಲ ಮೇಲೆ ಯಾಕ್ರೀ? ಬಿದ್ರೆ ಬಂದವರ ತಲೆ ಒಡೆಯುತ್ತೆ."

"ಹುಚ್ಚಿ! ತಲೆ ಕಾಯೋದೇ ಅದರ ಕೆಲಸ!"

"ತಲೆ ಮೇಲೆ ಇದ್ದಾಗ ಕಾಯುತ್ತೆ. ತಲೆ ಮೇಲೆ ಬಿದ್ದಾಗ?"

ಈ ಪ್ರಶ್ನೆಯನ್ನು ಏಜೆಂಟರು ಉದಾರವಾಗಿ ಕ್ಷಮಿಸಿದರು. ಟೋಪಿ ಇಡಲು ಗೋಡೆಗೊಂದು ಹಲಗೆ ಬಡಿದರು. ಸುರಕ್ಷತೆ ಅವರ ಕಸುಬಲ್ಲವೇ? ಪರೀಕ್ಷೆಗೆಂದು ಮೊದಲು ಹೆಂಡತಿಯ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲಿಟ್ಟರು. ಹಲಗೆ ಒಂದು ಗಳಿಗೆ ಯೋಚಿಸಿತು. ಆಮೇಲೆ ಮೊಳೆ, ಗಾರೆ, ಇಸ್ತ್ರಿಪೆಟ್ಟಿಗೆ ಸಮೇತ ದಢಾರೆಂದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಳಿಯಿತು. ಇಸ್ತ್ರಿಪೆಟ್ಟಿಗೆ ಸ್ಥಳದಲ್ಲೇ ವೀರಮರಣವನ್ನಪ್ಪಿತು!

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಪೊರಕೆ ತರಲು ಒಳಗೆ ಹೋದಳು. ಆ ನೋಟಕ್ಕೆ ಯಾವ ಪಾಲಿಸಿಯೂ ಇಲ್ಲ.

ಏಜೆಂಟರು ಸ್ಟೂಲಿನ ಮೇಲೆ ಕುಸಿದರು. ಟೋಪಿ ತೊಡೆಯ ಮೇಲಿತ್ತು. ಸುತ್ತ ಯಾರೂ ಇಲ್ಲ. ಬೇಡ ಅನ್ನುವವರೂ ಇಲ್ಲ. ಮೆಲ್ಲಗೆ ಎತ್ತಿ ತಲೆಗಿಟ್ಟರು. ಇಳಿಯಲಿಲ್ಲ, ಬಿಗಿ! ಅವರಿಗೆ ಆಶ್ಚರ್ಯವಾಯಿತು. ಬಾಗಿಲಿಗೆ ಬಂದು ನಿಂತರೆ ಬೆಳಕೇ ಮರೆಯಾಗುತ್ತಿದ್ದ ಅಪ್ಪನ ತಲೆ ಇಷ್ಟು ಚಿಕ್ಕದಿತ್ತೇ? ಎರಡೂ ಕೈಯಿಂದ ಒತ್ತಿ ಇಳಿಸಿ, ಗದ್ದದ ಪಟ್ಟಿಯ ಕೊಂಡಿಯನ್ನೂ ಸಿಕ್ಕಿಸಿದರು. ಒಳಗೆ ಹಳೇ ಚರ್ಮದ ವಾಸನೆ. ಅದರ ಅಡಿಯಲ್ಲೆಲ್ಲೋ, ಇದೆಯೋ ಇಲ್ಲವೋ ಅನ್ನುವ ಹಾಗೆ, ಅಪ್ಪ ಹಚ್ಚುತ್ತಿದ್ದ ತಲೆಎಣ್ಣೆಯ ವಾಸನೆ. ಏಜೆಂಟರು ಕಣ್ಣು ಮುಚ್ಚಿದರು. "ಅಪ್ಪಾ" ಅಂದರು. ಬೈಗುಳವಾದರೂ ಸರಿ, ಒಂದು ಮಾತು ಬರಲಿ ಎಂದು ಕಾದರು.

ಬಂದದ್ದು ಹೆಂಡತಿಯ ಮಾತು. "ಏನ್ರೀ ಇದು ವೇಷ? ತೆಗೀರಿ, ಅಕ್ಕ ಬರೋ ಹೊತ್ತಾಯ್ತು!"

ತೆಗೆಯಲು ಹೋದರೆ ಕೊಂಡಿ ಜಪ್ಪಯ್ಯ ಅನ್ನಲಿಲ್ಲ. ಎಳೆದರು, ತಿರುಚಿದರು. ಕಿವಿ ಕೆಂಪಾಯಿತೇ ಹೊರತು ತುಕ್ಕು ಹಿಡಿದ ಕೊಂಡಿ ಕದಲಲಿಲ್ಲ.

"ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದ್ರಿ. ಈಗ ನಿಮಗೇ ಬಿತ್ತು ನೋಡಿ!" ಎನ್ನುತ್ತ ಹೆಂಡತಿ ಬಟ್ಟೆ ಕತ್ತರಿ ತಂದಳು. "ಪಟ್ಟಿ ಕತ್ತರಿಸಿಬಿಡ್ತೀನಿ."

"ಅಪ್ಪನ ಪಟ್ಟಿಗೆ ಕತ್ತರಿಯೇ? ಬೇಕಾದ್ರೆ ನನ್ನ ಕುತ್ತಿಗೆ ಕತ್ತರಿಸು!"

ಅವಳು ಎರಡನ್ನೂ ಅಳೆದು ನೋಡುವಷ್ಟರಲ್ಲಿ ಅಕ್ಕ ಒಳಗೆ ಬಂದಳು. ಉದುರಿದ ಗಾರೆ, ಕತ್ತರಿ ಹಿಡಿದ ನಾದಿನಿ, ಸ್ಟೂಲಿನ ಮೇಲೆ ಯುದ್ಧಸನ್ನದ್ಧನಾಗಿ ಕೂತ ತಮ್ಮ! ಅಕ್ಕ ನಗಲು ಬಾಯಿ ತೆರೆದಳು. ನಗು ಬರಲಿಲ್ಲ. ಬಂದು ಅವನ ಗದ್ದ ಹಿಡಿದೆತ್ತಿ ಸುಮ್ಮನೆ ನೋಡಿದಳು.

"ಎಣ್ಣೆ ತಾರಮ್ಮಾ" ಅಂದಳು ಕೊನೆಗೆ.

ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಇಬ್ಬರೂ ಸೇರಿ ಬಹಳ ಹೊತ್ತು ಗುದ್ದಾಡಿದ ಮೇಲೆ ಟೋಪಿ ಕಳಚಿತು. ಹೆಂಡತಿ ನಡುಮನೆಯ ಗಾಜಿನ ಬೀರುವಿನಲ್ಲಿ ಕೈಗೆಟಕುವ ಅರೆಯೊಂದನ್ನು ಖಾಲಿ ಮಾಡಿ, ಹತ್ತಿ ತುಂಬಿದ ಮೆತ್ತೆ ಹಾಸಿದಳು. ಬೀಳುವ ಭಯವಿಲ್ಲ, ಧೂಳಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಗೋಡೆ ಯಾಕೆ ತೂತು ಮಾಡಿದ್ದೆಂದು ಯಾರೂ ಕೇಳಲಿಲ್ಲ. ಅದೇ ಅವಮಾನ!

ಏಜೆಂಟರು ಟೋಪಿಯನ್ನು ಒರೆಸಿ ಇಡಲು ಹೊರಟಾಗ ಅಕ್ಕ ತಡೆದಳು.

"ಪುಟ್ಟ, ನನ್ನ ತಲೆಗೂ ಒಂದ್ಸಲ ಇಡೋ."

"ನೀನಾ? ನೀನು ಅಪ್ಪನ ಹತ್ರ ಯಾವತ್ತೂ ಕೇಳ್ಲೇ ಇಲ್ವಲ್ಲಕ್ಕಾ!"

"ನೀನು ಗಂಡುಹುಡುಗ, ಕೇಳಿ ಬೈಸ್ಕೊಳ್ತಿದ್ದೆ. ನಂಗೆ ಬೈಸ್ಕೊಳ್ಳೋಕೂ ಧೈರ್ಯ ಇರ್ಲಿಲ್ಲ."

ಅಷ್ಟು ವರ್ಷ ಟ್ರಂಕಿನಲ್ಲಿಟ್ಟುಕೊಂಡಿದ್ದರೂ ಒಮ್ಮೆಯೂ ತಲೆಗಿಟ್ಟವಳಲ್ಲ. ಅಕ್ಕ ತುರುಬು ಬಿಚ್ಚಿದಳು. ನರೆತ ಕೂದಲು ಭುಜಕ್ಕಿಳಿಯಿತು. ಏಜೆಂಟರು ಎರಡೂ ಕೈಯಿಂದ ಟೋಪಿ ಇಟ್ಟರು. ಒತ್ತಬೇಕಾಗಲಿಲ್ಲ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಟ್ಟಿತು. ಅಕ್ಕ ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಾದ ಮೇಲೆ ಏಜೆಂಟರು ಕೆಮ್ಮಿದರು. "ಅಕ್ಕಾ... ತೆಗೀಲಾ?"

"ಬಾಯಿ ಮುಚ್ಕೊಂಡು ನಿಂತ್ಕೊಳ್ಳೋ!"

ಥೇಟ್ ಅಪ್ಪನ ದನಿ. ಮಾತು ಮಾರಿಯೇ ಬದುಕುವ ಏಜೆಂಟರು ಬಾಯಿ ಮುಚ್ಚಿ, ಎದೆ ಸೆಟೆಸಿ, ನೆಟ್ಟಗೆ ನಿಂತರು.