ಪಕ್ಷಿವೈದ್ಯರ ಹೆಂಡತಿಯ ಕಿವಿ

ಲಖ್ದರ್‌ನ ಸಂಸಾರದಲ್ಲಿದ್ದ ಒಂದೇ ಕೊರತೆಯೆಂದರೆ ಅವನ ಹೆಂಡತಿಗೆ ಕಿವಿ ಇತ್ತು. ಬಾಯಿ ಇರುವ ಹೆಂಡತಿಯನ್ನು ಗಂಡಸು ಹೇಗೋ ನಿಭಾಯಿಸುತ್ತಾನೆ. ಚಪ್ಪಲಿ ಮೆಟ್ಟಿ ಹೊರಗೆ ಹೋದರಾಯಿತು, ಅಲ್ಜೀರ್ಸ್ ನಗರದ ಕಾಫಿ ಅಂಗಡಿಗಳನ್ನು ಅದಕ್ಕೆಂದೇ ಕಟ್ಟಿಸಿದ್ದಾರೆ. ಆದರೆ ಕಿವಿ ಇರುವ ಹೆಂಡತಿ ಬೇರೆಯದೇ ಜಾತಿ. ಅವಳು ಸುಮ್ಮನೆ ಬೀನ್ಸ್ ಸೋಸುತ್ತಿದ್ದಾಳೆಂದು ನೀವು ನೆಮ್ಮದಿಯಿಂದಿದ್ದರೆ, ಅವಳು ಆಗಲೂ ಏನನ್ನೋ ಕೇಳಿಸಿಕೊಳ್ಳುತ್ತಿರುತ್ತಾಳೆ.

ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾಗಿದ್ದ ಲಖ್ದರ್ ಈಗ ಬಾಬ್ ಎಲ್ ಊಯೆದ್ ಬಡಾವಣೆಯ ಪಕ್ಷಿವೈದ್ಯ ಶಿರೋಮಣಿ. ಪದವಿ ಯಾವ ವಿಶ್ವವಿದ್ಯಾಲಯದ್ದೂ ಅಲ್ಲ, ಕಾಫಿ ಅಂಗಡಿ ದಯಪಾಲಿಸಿದ್ದು. ಆ ಬಡಾವಣೆಯಲ್ಲಿ ಮಕ್ನೀನ್ ಹಕ್ಕಿ ಸಾಕದ ಗಂಡಸನ್ನು ಜನ ಪಾಪ ಅನ್ನುವಂತೆ ನೋಡುತ್ತಾರೆ. ಹೆಬ್ಬೆರಳಿನಷ್ಟು ಮೈ, ದಾಳಿಂಬೆ ರಸ ಮೆತ್ತಿದಂಥ ಮೋರೆ, ರೆಕ್ಕೆಯಲ್ಲೊಂದು ಹಳದಿ ಪಟ್ಟೆ. ಗಂಟಲು ಮಾತ್ರ ಹತ್ತು ಹಕ್ಕಿಗಳದು. ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ಪಂಜರ ಹಿಡಿದು ಕಾಫಿ ಅಂಗಡಿಗೆ ಬಂದರೆ ಹಕ್ಕಿಗಳು ಹಾಡುತ್ತವೆ, ಯಜಮಾನರು ಜಗಳವಾಡುತ್ತಾರೆ. ಯಾರದಾದರೂ ಹಕ್ಕಿ ಮಂಕಾಗಿದ್ದರೆ ಲಖ್ದರ್ ಕನ್ನಡಕ ಏರಿಸಿ, ಪಂಜರದ ತಳದ ಹಿಕ್ಕೆಯನ್ನು ಮುತ್ತಿನ ವ್ಯಾಪಾರಿಯ ಗಾಂಭೀರ್ಯದಿಂದ ಪರೀಕ್ಷಿಸಿ, ಮುನಿಸು ಎಂದೋ ದೃಷ್ಟಿಯಾಗಿದೆ ಎಂದೋ ತೀರ್ಪು ಕೊಡುತ್ತಿದ್ದ. ಔಷಧ ಎರಡೇ: ನೀರಿಗೆ ಬೆಳ್ಳುಳ್ಳಿ, ಪಂಜರಕ್ಕೆ ಬಟ್ಟೆ. (ಬದುಕಿದ ಹಕ್ಕಿಗಳು ಅವನ ಲೆಕ್ಕಕ್ಕೆ, ಸತ್ತವು ದೇವರ ಲೆಕ್ಕಕ್ಕೆ.)

ಅವನ ಸ್ವಂತ ಹಕ್ಕಿಯ ಹೆಸರು ಬಾಶಾ. ಅದಕ್ಕೆ ಕಾಳು ಹಾಕುವುದು, ಸೇಬು ಹೆಚ್ಚಿಡುವುದು, ಪಂಜರ ತೊಳೆಯುವುದು ಎಲ್ಲ ಹೆಂಡತಿ ಯಮೀನಾಳ ಕೆಲಸ. ಹಕ್ಕಿ ಮಾತ್ರ ಅವನದು. ಹಕ್ಕಿಯ ಬಗ್ಗೆ ಮಾತಾಡುವ ಹಕ್ಕೂ ಅವನದೇ.

ಒಂದು ಬೆಳಿಗ್ಗೆ ಯಮೀನಾ ಸೌಟು ಹಿಡಿದುಕೊಂಡೇ ಪಂಜರದ ಬಳಿ ನಿಂತು ತಲೆ ವಾಲಿಸಿದಳು.

"ಏನ್ರೀ, ಬಾಶಾ ಉಸಿರಾಡ್ವಾಗ ಟಿಕ್ ಟಿಕ್ ಅಂತಾನೆ."

"ಗಡಿಯಾರ ಇರ್ಬೇಕು."

"ಗಡಿಯಾರ ನಿಂತು ಯಾವ ಕಾಲ ಆಯ್ತು! ರಿಪೇರಿ ಮಾಡ್ತೀನಿ ಅಂತ ನೀವೇ ಅದರ ಕರುಳು ಬಗೆದಿಟ್ಟಿದ್ದೀರಿ. ಇದು ಇವನ ಎದೆಯೊಳಗಿಂದ ಬರ್ತಿರೋದು. ಹಾಡಿನ ಕೊನೇ ಎಳೆ ನುಂಗ್ತಿದಾನೆ, ಗಮನಿಸಿದ್ರಾ? ಕೂತಲ್ಲೇ ಬಾಲ ಮೇಲೆ ಕೆಳಗೆ ಆಡ್ತಿದೆ, ಪ್ರತಿ ಉಸಿರಿಗೂ."

"ತಾಳ ಹಾಕ್ತಿದಾನೆ ಕಣೇ. ಸಂಗೀತಗಾರ."

"ಮೈ ಉಬ್ಬಿಸ್ಕೊಂಡು ಉಂಡೆ ಆಗಿ ಕೂತಿದಾನೆ."

"ಚಳಿ."

"ಈ ಸೆಕೇಲಿ?"

ಪಕ್ಷಿವೈದ್ಯ ಶಿರೋಮಣಿಗೆ ಇದಕ್ಕಿಂತ ಹೆಚ್ಚು ತಾಳ್ಮೆ ಇರಲಿಲ್ಲ. ಅವನು ರೋಗ ಪತ್ತೆ ಹಚ್ಚದಿದ್ದರೂ ಅಪರಾಧಿಯನ್ನು ಪತ್ತೆ ಹಚ್ಚಿದ: ಯಮೀನಾ ಕರಿಯುವ ಸಾರ್ಡೀನ್ ಮೀನಿನ ಹೊಗೆ. ಅಂದಿನಿಂದ ಮನೆಯಲ್ಲಿ ಕರಿಯುವುದಕ್ಕೆ ಪ್ರತಿಬಂಧಕಾಜ್ಞೆ. ಈರುಳ್ಳಿ ಹುರಿಯಕೂಡದು, ನೆಲಕ್ಕೆ ವಾಸನೆಯ ನೀರು ಹಾಕಕೂಡದು, ಜೋರಾಗಿ ಸೀನಕೂಡದು. ಯಮೀನಾ ಬಾಣಲೆ ಹೊತ್ತು ತಾರಸಿಗೆ ಹತ್ತುತ್ತಿದ್ದಳು, ಮೆಟ್ಟಿಲ ಪ್ರತಿ ತಿರುವಿನಲ್ಲೂ ಗಂಡನ ಹೆಸರು ಹಿಡಿದು ಏನಾದರೊಂದು ಆಶೀರ್ವಾದ ಮಾಡುತ್ತ. ಬಾಶಾ ಮಾತ್ರ ದಿನದಿನಕ್ಕೂ ಸಣ್ಣಗಾದ.

"ಪಶುವೈದ್ಯರಿಗೆ ತೋರಿಸಿ," ಎಂದಳು ಯಮೀನಾ. "ಎಲ್ ಬಿಯಾರ್‌ನಲ್ಲಿ ಒಬ್ಬಳು ಹುಡುಗಿ ಇದಾಳಂತೆ, ಹಕ್ಕೀನೂ ನೋಡ್ತಾಳಂತೆ."

"ನಾನು? ನಾನು ಹೋಗಿ ಅವಳ ಬಾಗಿಲಲ್ಲಿ, ನಾಯಿ ಬೆಕ್ಕಿನ ಸಾಲಲ್ಲಿ ಕೂತ್ಕೊಳ್ಲಾ? ಇಮಾಮ್ ಸಾಹೇಬರು ಬೀದಿಗೆ ಬಂದು ನಮಾಜಿಗೆ ಕಿಬ್ಲಾ ಯಾವ ದಿಕ್ಕು ಅಂತ ಕೇಳಿದ ಹಾಗಾಗುತ್ತೆ!"

ಲಖ್ದರ್ ನೀರಿನ ಬಟ್ಟಲಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ, ಪಂಜರಕ್ಕೆ ಬಟ್ಟೆ ಹೊದಿಸಿದ, ಕಾಫಿ ಅಂಗಡಿಗೆ ಹೋದ. ಹೀಗೆಯೇ ಕೆಲವು ದಿನ. ಆಮೇಲೊಂದು ಬೆಳಗ್ಗೆ ಬಟ್ಟೆಯ ಒಳಗಿಂದ, ಕೊನೆಯ ಎಳೆಯವರೆಗೂ ಇಡಿಯಾಗಿ, ಬಾಶಾನ ಹಾಡು ಹೊರಟಿತು. ಲಖ್ದರ್ ಕ್ಷೌರದ ನೊರೆ ಮೋರೆಯಲ್ಲೇ ಓಡಿಬಂದು ಪಂಜರಕ್ಕೆ ಮುತ್ತಿಟ್ಟ.

"ನೋಡಿದ್ಯಾ? ಬೆಳ್ಳುಳ್ಳಿ! ನಮ್ಮಜ್ಜನ ವಿದ್ಯೆ!"

ಯಮೀನಾ ಏನೋ ಹೇಳಲು ಬಾಯಿ ತೆರೆದಳು. ಪಂಜರಕ್ಕೆ ಹತ್ತಿದ ನೊರೆ ಕಂಡು ಬಟ್ಟೆ ತಂದು ಒರೆಸಿದಳು, ಅಷ್ಟೇ.

ಶುಕ್ರವಾರ ಕಾಫಿ ಅಂಗಡಿಯ ಹಾಡಿನ ಪಂದ್ಯದಲ್ಲಿ ಬಾಶಾ ಗೆದ್ದ. ಲಖ್ದರ್‌ನ ಬೆಳ್ಳುಳ್ಳಿಯ ಕೀರ್ತಿ ಸಮುದ್ರದ ದಂಡೆಯವರೆಗೆ ವಾಸನೆ ಹೊಡೆಯಿತು.

ಅದೇ ಕೀರ್ತಿ ಮೆಝ್ಯಾನ್‌ನ ಮನೆಗೂ ಹೋಯಿತು. ಮೆಝ್ಯಾನ್ ಬಡಾವಣೆಯ ಹಳೆಯ ಕ್ಷೌರಿಕ. ಸಕ್ಕರೆ ಕಾಯಿಲೆ ಕಣ್ಣು ತಿಂದು, ಈಗ ಬಾಗಿಲು ಎಲ್ಲಿ, ಬೆಳಕು ಎಲ್ಲಿ ಎಂಬಷ್ಟೇ ಗೊತ್ತಾಗುತ್ತಿತ್ತು. ಕತ್ತರಿ ಕೆಳಗಿಟ್ಟ ಮೇಲೆ ಅವನಿಗಿದ್ದವರು ಇಬ್ಬರು: ತಂಗಿ ತಾವುಸ್, ಮತ್ತು ಒಂದು ಮಕ್ನೀನ್. ಬೆಳಗಾಯಿತೆಂದು ಅವನಿಗೆ ತಿಳಿಯುತ್ತಿದ್ದದ್ದೇ ಆ ಹಕ್ಕಿ ಕೂಗಿದಾಗ. ಅವನು ಗೋಡೆ ತಡವುತ್ತ ಮೆಟ್ಟಿಲು ಹತ್ತಿ, ಪಂಜರವನ್ನು ಎದೆಗವಚಿಕೊಂಡು ಲಖ್ದರ್‌ನ ಮನೆಗೆ ಬಂದು, 'ಸೀ' ಎಂಬ ಮರ್ಯಾದೆಯ ಮಾತು ಸೇರಿಸಿಯೇ ಕರೆದ.

"ಸೀ ಲಖ್ದರ್, ಇವನ ದನಿ ಇಳಿದುಹೋಗಿದೆ ಅಣ್ಣಾ. ನನಗೆ ಕಾಣ್ಸೋದಿಲ್ಲ. ತಾವುಸ್‌ಗೆ ಹಕ್ಕಿ ವಿಷಯ ತಿಳಿಯೋಲ್ಲ. ನಿಮ್ಮ ಕಣ್ಣಿಂದ ನೋಡಿ ಹೇಳಿ."

ಲಖ್ದರ್ ನೋಡಿದ. ಉಬ್ಬಿದ ಮೈ, ಆಡುವ ಬಾಲ. ಎಲ್ಲ ಬಾಶಾನದೇ ಪಡಿಯಚ್ಚು. ಹೀಗಾಗಿ ತೀರ್ಪೂ ಸುಲಭವಾಯಿತು.

"ಏನೂ ಇಲ್ಲ ಮಾರಾಯ. ಮುನಿಸ್ಕೊಂಡಿದಾನೆ. ಬೆಳ್ಳುಳ್ಳಿ ನೀರು ಕುಡಿಸು, ಬಟ್ಟೆ ಹೊದಿಸು, ತೆಗೀಬೇಡ. ನಮ್ಮ ಬಾಶಾನಿಗೂ ಹೀಗೇ ಆಗಿತ್ತು."

ಕಾಫಿ ತಟ್ಟೆ ಹಿಡಿದು ಬಂದ ಯಮೀನಾ ಬಾಗಿಲಲ್ಲೇ ನಿಂತಳು. "ಮೆಝ್ಯಾನ್ ಅಣ್ಣಾ, ಟಿಕ್ ಟಿಕ್ ಕೇಳ್ಸುತ್ತೆ. ಬೆಳ್ಳುಳ್ಳಿ ಬೇಡ. ಇವತ್ತೇ ಎಲ್ ಬಿಯಾರ್‌ನ ಡಾಕ್ಟರಮ್ಮನ ಹತ್ರ ಒಯ್ಯಿರಿ. ನಾಳೆ ಅನ್ನಬೇಡಿ."

ಲಖ್ದರ್ ಹೊಟ್ಟೆ ಹಿಡಿದು ನಕ್ಕ. "ಕೇಳಿದ್ಯಾ? ನಮ್ಮನೇಲಿ ನಿಂತ ಗಡಿಯಾರಾನೂ ಇವಳಿಗೆ ಕೇಳ್ಸುತ್ತೆ! ಕುಡಿ, ಕಾಫಿ ಕುಡಿ."

ಮೆಝ್ಯಾನ್ ಇಬ್ಬರ ದನಿಯ ಕಡೆಗೂ ಒಮ್ಮೊಮ್ಮೆ ಮುಖ ತಿರುಗಿಸಿದ. ಯಮೀನಾ ಇನ್ನೇನೋ ಹೇಳುವಳೆಂದು ಅವನು ಕಾದ. ಅವಳು ಗಂಡನ ಮುಖ ನೋಡಿ, ತಟ್ಟೆ ಇಟ್ಟು, ಒಳಗೆ ಹೋದಳು. ಕಣ್ಣಿಲ್ಲದವನು ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದ: ಜೋರಾಗಿ ಮಾತಾಡಿದವನನ್ನು ನಂಬಿದ.

ಮುಂದಿನ ಶುಕ್ರವಾರ ಕಾಫಿ ಅಂಗಡಿಯಲ್ಲಿ ಡೊಮಿನೋ ಕಾಯಿಗಳ ಸದ್ದು ಒಮ್ಮೆಲೇ ನಿಂತಿತು. ಮೆಝ್ಯಾನ್ ಬಂದಿದ್ದ. ಅವನು ಬಟ್ಟೆ ಹೊದ್ದ ಪಂಜರವನ್ನು ಲಖ್ದರ್‌ನ ಮುಂದೆ, ಕಾಫಿ ಲೋಟ ಸರಿಸಿ, ಮೇಜಿನ ಮೇಲಿಟ್ಟ.

"ನೀವು ಹೇಳಿದ ಹಾಗೇ ಬಟ್ಟೆ ತೆಗೀಲಿಲ್ಲ ಸೀ ಲಖ್ದರ್. ಇವತ್ತು ಕೈ ಹಾಕಿ ನೋಡ್ದೆ. ತಣ್ಣಗಿದಾನೆ. ಇದೂ ಮುನಿಸೇನಾ?"

ಲಖ್ದರ್ ಬಟ್ಟೆ ಎತ್ತಲಿಲ್ಲ. ಕಟ್ಟಡದೆತ್ತರದ ಕ್ರೇನಿನ ಮೇಲೆ ಹೆದರದೆ ಕೂತಿದ್ದ ಮನುಷ್ಯ ಒಂದು ಪುಕ್ಕದ ಎದುರು ಪುಕ್ಕಲನಾಗಿ, "ದೇವರ ಇಚ್ಛೆ," ಎಂದು ಗೊಣಗಿದ.

"ಹೌದು. ಎಲ್ಲದಕ್ಕೂ ಅವನೇ ಸಿಕ್ತಾನೆ ನಮಗೆ," ಎಂದು ಮೆಝ್ಯಾನ್ ಪಂಜರ ಎತ್ತಿಕೊಂಡು, ಮೇಜುಗಳನ್ನು ತಡವುತ್ತ ಹೊರಟುಹೋದ.

ಮನೆಗೆ ಬಂದ ಲಖ್ದರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ವಾದ ಶುರುಮಾಡಿದ, ಯಾರೂ ಆರೋಪ ಮಾಡದಿದ್ದರೂ.

"ಅವನ ಹಕ್ಕಿ ಆಯುಸ್ಸೇ ಅಷ್ಟು. ಬಾಶಾ ಅದೇ ಬೆಳ್ಳುಳ್ಳೀಲಿ ಬದುಕ್ಲಿಲ್ವೇನೇ?"

"ಬದುಕ್ಲಿಲ್ಲ," ಎಂದಳು ಯಮೀನಾ, ಬೀನ್ಸಿನ ಬುಟ್ಟಿಯಿಂದ ತಲೆಯೆತ್ತದೆ. "ಬೆಳ್ಳುಳ್ಳಿ ನೀರು ನಾನು ದಿನಾ ಬಚ್ಚಲಿಗೆ ಚೆಲ್ತಿದ್ದೆ. ಅದಕ್ಕೇ ಅಲ್ಲಿ ಜಿರಳೆ ಇಲ್ಲ. ಬಾಶಾನ್ನ ಸಂತೆ ಚೀಲದಲ್ಲಿ ಇಟ್ಕೊಂಡು, ಮೇಲೆ ಕೊತ್ತಂಬರಿ ಹರಡಿ, ಬಸ್ಸು ಹತ್ತಿ ಎಲ್ ಬಿಯಾರ್‌ಗೆ ಹೋಗಿದ್ದೆ. ನಾಯಿ ಬೆಕ್ಕಿನ ಸಾಲಲ್ಲೇ ಕೂತಿದ್ದೆ. ಡಾಕ್ಟರಮ್ಮ ಕಿವಿ ಕೊಟ್ಟು ಕೇಳಿದ್ಲು. ಉಸಿರಿನ ಚೀಲದಲ್ಲಿ ನುಸಿ ಕೂತಿದೆ ಅಂದ್ಲು. ಕತ್ತಿನ ಚರ್ಮಕ್ಕೆ ಒಂದು ತೊಟ್ಟು ಔಷಧ ಬಿಟ್ಲು. ಒಂದೇ ತೊಟ್ಟು ಕಣ್ರೀ. ಬೇಗ ತಂದ್ರಿ, ಬದುಕ್ಕೋತಾನೆ ಅಂದ್ಲು. ಇನ್ನೊಂದ್ಸಲನೂ ಹೋಗಿ ಹಾಕಿಸ್ಕೊಂಡು ಬಂದೆ."

ಲಖ್ದರ್ ಸ್ಟೂಲು ಎಳೆದುಕೊಂಡು ಕೂತ.

"ಹಕ್ಕಿಗಳು ಕಾಯಿಲೆ ಬಚ್ಚಿಡ್ತವಂತೆ," ಎಂದಳು ಅವಳು. "ಸೋತಿದೀನಿ ಅಂತ ತೋರಿಸ್ಕೊಂಡ್ರೆ ಗಿಡುಗ ಬಂದು ಎತ್ಕೊಂಡು ಹೋಗುತ್ತೆ ಅನ್ನೋ ಭಯ. ಕೊನೇವರ್ಗೂ ಸರಿಯಾಗೇ ಇರೋ ಹಾಗೆ ನಟಿಸ್ತವಂತೆ. ನಮ್ಮ ಕಣ್ಣಿಗೆ ಕಾಣ್ಸೋ ಹೊತ್ತಿಗೆ ಕಥೆ ಮುಗಿದಿರುತ್ತಂತೆ. ಹೆಂಗಸರ ಹಾಗೇ ಅಲ್ವಾ ಅಂದೆ. ಡಾಕ್ಟರಮ್ಮ ನಗಲಿಲ್ಲ."

"ಇಷ್ಟೆಲ್ಲಾ ಗೊತ್ತಿದ್ದೂ, ಮೆಝ್ಯಾನ್ ಬಂದಾಗ ಯಾಕೆ ಬಾಯಿ ಬಿಡ್ಲಿಲ್ಲ?" ಲಖ್ದರ್‌ಗೆ ಕೊನೆಗೂ ಒಂದು ಹುಲ್ಲುಕಡ್ಡಿ ಸಿಕ್ಕಿತ್ತು.

"ಅರ್ಧ ಬಿಟ್ಟೆ. ನೀವು ನಕ್ಕಿರಿ. ಅತಿಥಿ ಮುಂದೆ ಗಂಡನ ಮಾನ ಕಳೀಬಾರ್ದು ಅಂತ ಇನ್ನರ್ಧ ನುಂಗ್ದೆ." ಯಮೀನಾಳ ಕೈ ಬೀನ್ಸಿನ ಮೇಲೆ ನಿಂತಿತು. "ನಿಮ್ಮ ಮಾನ ಉಳೀತು. ಹಕ್ಕಿ ಹೋಯ್ತು. ಆ ಪಾಪದಲ್ಲಿ ನನ್ನ ಪಾಲೂ ಇದೆ. ಆದ್ರೆ ಇನ್ಮೇಲೆ ನುಂಗೋಲ್ಲ."

ನುಂಗಲಿಲ್ಲ. ಎದುರು ಮನೆಯವಳಿಗೆ ಹೇಳಿದಳು. ಎದುರು ಮನೆಯವಳಿಗೆ ಹೇಳಿದರೆ ರೇಡಿಯೋ ಅಲ್ಜೀರ್ಸ್‌ಗೆ ಬೇರೆ ಹೇಳುವ ಅಗತ್ಯವಿಲ್ಲ. ವಾರ ಕಳೆಯುವುದರೊಳಗೆ ಮೆಟ್ಟಿಲ ಮೇಲೆ ಪಂಜರಗಳ ಸಾಲು. ಬಾಗಿಲು ಬಡಿದ ಮೊದಲನೆಯವನು "ಡಾಕ್ಟರು ಇದಾರಾ?" ಎಂದಾಗ ಲಖ್ದರ್‌ನ ಎದೆ ಬಾಶಾನಿಗಿಂತ ಚೆನ್ನಾಗಿ ಉಬ್ಬಿತು.

"ಇದೀನಿ, ಬನ್ನಿ."

"ನೀವಲ್ಲ ಸೀ ಲಖ್ದರ್. ಲಾಲ್ಲಾ ಯಮೀನಾ."

ಹೀಗೆ ಲಾಲ್ಲಾ, ಅಂದರೆ ಅಮ್ಮಾವರು ಆದ ಯಮೀನಾ ಒಂದೊಂದು ಪಂಜರಕ್ಕೂ ಕಿವಿಗೊಟ್ಟು ಕೂರುತ್ತಿದ್ದಳು. "ಇವನು ಸರಿ ಇದಾನೆ, ಉಗುರು ಕತ್ತರಿಸಿ. ಇವನನ್ನ ಈಗ್ಲೇ ಬಸ್ಸು ಹತ್ತಿಸಿ. ನೀರು ದಿನಾ ಬದಲಾಯಿಸ್ತೀರಾ? ಸುಳ್ಳು ಹೇಳ್ಬೇಡಿ, ಬಟ್ಟಲು ಪಾಚಿ ಕಟ್ಟಿದೆ." ಕಾಯುವವರಿಗೆ ಕಾಫಿ ಹಂಚುವ ಭಾರ ಪಕ್ಷಿವೈದ್ಯ ಶಿರೋಮಣಿಯ ಮೇಲೆ ಬಿತ್ತು. ಸಕ್ಕರೆ ಕಡಿಮೆಯಾಯಿತೆಂದು ಒಬ್ಬ ಲೋಟ ಹಿಂದಕ್ಕೂ ಕೊಟ್ಟ.

ಇದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಮೆಝ್ಯಾನ್. ಬೀದಿಯಲ್ಲಿ ಲಖ್ದರ್‌ನ ಸಲಾಮು ಕೇಳಿಸಿದರೆ ಆ ಮುದುಕ ಗೋಡೆಯ ಕಡೆ ತಿರುಗಿ ನಿಂತು, ಹೆಜ್ಜೆಯ ಸದ್ದು ದಾಟಿಹೋಗಲೆಂದು ಕಾಯುತ್ತಿದ್ದ. ಬೆಳಿಗ್ಗೆ ಹೊತ್ತೇರಿದರೂ ಅವನು ಏಳುವುದೇ ಇಲ್ಲವೆಂದು ತಾವುಸ್ ಬೇಕರಿಯಲ್ಲಿ ಹೇಳುತ್ತಿದ್ದಳು, ಲಖ್ದರ್ ಸಾಲಿನಲ್ಲಿ ನಿಂತಿದ್ದಾಗಲೇ, ಅವನಿಗೆ ಕೇಳುವಂತೆಯೇ.

ಲಖ್ದರ್ ಮೂರು ಹೊತ್ತು ಯೋಚಿಸಿದ. ಅವನ ತಲೆಗೆ ಒಂದು ಮಹತ್ಕಾರ್ಯ ಹೊಳೆಯಿತು. ಯಮೀನಾ ಮಾರುಕಟ್ಟೆಗೆ ಹೋಗಿದ್ದ ಸಮಯ ನೋಡಿ, ಬಾಶಾನ ಪಂಜರವನ್ನು ಕೊಕ್ಕೆಯಿಂದಿಳಿಸಿ ಮೆಝ್ಯಾನ್‌ನ ಮನೆಗೆ ನಡೆದ. ದಾರಿಯಲ್ಲಿ ಎರಡು ಸಲ ನಿಂತು ಪಂಜರದೊಳಗೆ ಇಣುಕಿದ. ಅದರಲ್ಲಿ ನಾಟಕವಿರಲಿಲ್ಲ.

"ಇವನನ್ನ ಇಟ್ಕೋ ಮೆಝ್ಯಾನ್. ನನ್ನ ಪ್ರಾಣ ಕೊಡ್ತಿದೀನಿ ಅಂದ್ಕೋ."

ಮೆಝ್ಯಾನ್ ಪಂಜರದ ಕಡ್ಡಿಗಳ ಮೇಲೆ ಬೆರಳಾಡಿಸಿದ. ಬಾಶಾ ಒಮ್ಮೆ ಚಿಲಿಪಿಲಿಗುಟ್ಟಿದ. ಮುದುಕನ ಮುಖ ಅಷ್ಟಿಷ್ಟು ಕದಲಿತು.

"ಯಮೀನಾ ಇವನ ಎದೆ ಕೇಳಿದಾಳಾ?"

"ಕೇಳಿದಾಳೆ."

"ಹಾಗಾದ್ರೆ ಇಟ್ಟು ಹೋಗಿ."

ಲಖ್ದರ್ ಅಪ್ಪುಗೆಯನ್ನು ನಿರೀಕ್ಷಿಸಿ ಕೈ ಚಾಚಿಯೇ ನಿಂತಿದ್ದ. ತಾವುಸ್ ಆ ಕೈಗಳ ಮುಂದೆ ಬಾಗಿಲು ಹಾಕಿದಳು.

ಆದರೂ ಅವನು ಹಗುರಾಗಿ ಮನೆಗೆ ಬಂದ. ಯಮೀನಾ ಖಾಲಿ ಕೊಕ್ಕೆಯ ಕೆಳಗೆ ನಿಂತಿದ್ದಳು. ಕೈಯಲ್ಲಿ ಬಾಶಾನಿಗೆಂದು ತಂದ ಎಳೆ ಸೊಪ್ಪಿನ ಕಟ್ಟು.

ಅವನು ತನ್ನ ತ್ಯಾಗದ ಪುರಾಣವನ್ನು ವಿಸ್ತಾರವಾಗಿ ಹೇಳಿದ. ಅವಳು ಪೂರ್ತಿ ಕೇಳಿದಳು.

"ಒಳ್ಳೇ ಕೆಲಸ. ಕೊಡಬೇಕಾದ್ದೇ. ನನ್ನನ್ನ ಒಂದು ಮಾತು ಕೇಳಿದ್ರಾ?"

"ನನ್ನ ಹಕ್ಕಿ ತಾನೇ?"

"ಕೇಳಿದ್ರೆ ನಾನೇ ಎತ್ಕೊಂಡು ಹೋಗಿ ಕೊಡ್ತಿದ್ದೆ. ಹೋಗ್ತಾ ದಾರೀಲಿ ಅವನಿಗೆ ಒಂದು ಮಾತು ಹೇಳ್ಕೋತಿದ್ದೆ." ಸೊಪ್ಪಿನ ಕಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನೀವು ಬೆಳಿಗ್ಗೆ ಹೋದ್ರೆ ಬರೋದು ಮಧ್ಯಾಹ್ನ. ತಿಂದು ಹೋದ್ರೆ ಬರೋದು ಕತ್ತಲಾದ್ಮೇಲೆ. ಇಷ್ಟು ವರ್ಷ ಈ ಮನೇಲಿ ನನ್ನ ಜೊತೆಗಿದ್ದೋನು ಅವನೊಬ್ಬನೇ."

"ನಾನಿರ್ಲಿಲ್ವೇನೇ?"

"ನೀವೂ ಇದ್ರಿ," ಎಂದಳು ಯಮೀನಾ. "ಸದ್ದು ಕೇಳ್ಸೋದು."

ಮರುದಿನ ಮಧ್ಯಾಹ್ನ ಅವಳು ಪಾತ್ರೆ ತೊಳೆದಿಟ್ಟು, ತಲೆವಸ್ತ್ರ ಕಟ್ಟಿಕೊಂಡು ಹೊರಟಳು. ತಾವುಸ್‌ಳ ಅಡುಗೆಮನೆಯಲ್ಲಿ ಕೂತು ಬಾಶಾನನ್ನು ಕೇಳಿ ಬರುತ್ತಾಳಂತೆ. ಅದರ ಮರುದಿನವೂ ಹೊರಟಳು. ಪಂಜರ ಹಿಡಿದ ಗಂಡಸರೂ ಈಗ ಅಲ್ಲಿಗೇ ಹೋಗುತ್ತಿದ್ದರು. ಲಖ್ದರ್‌ನ ಬಾಗಿಲನ್ನು ಬಡಿಯುವವರೇ ಇಲ್ಲ. ಕಾಫಿ ಅಂಗಡಿಗೆ ಹೋದರೆ ಡೊಮಿನೋ ಆಡುವವರು ಸರಿದು ಜಾಗ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಒಂದು ದಿನ ಅವನು ಮೆಟ್ಟಿಲ ತುದಿಯವರೆಗೆ ಹೆಂಡತಿಯ ಹಿಂದೆ ಬಂದ.

"ಯಮೀನಾ, ನಾನೂ ಬರ್ಲಾ? ಮಾತಾಡೋಲ್ಲ. ಮೂಲೇಲಿ ಸುಮ್ಮನೆ ಕೂತಿರ್ತೀನಿ."

ಅವಳು ನಿಂತಳು. ಮೊದಲ ಬಾರಿಗೆ, ಅವನ ಕಡೆಗೂ ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡಳು.

"ನಾನಾಗ್ಲೇ ಕೇಳಿ ನೋಡಿದೆ," ಎಂದಳು. "ಬಾಶಾ ಗಾಬರಿಯಾಗ್ತಾನಂತೆ. ಡಾಕ್ಟರಮ್ಮ ಬೇಡ ಅಂದಿದಾಳೆ."

ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ, ಬೇಡ ಅಂದದ್ದು ಆ ಮನೆಯವರೇ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮೆಟ್ಟಿಲ ಕೆಳಗೆ ಎದುರು ಮನೆಯವಳು ನಿಂತಿದ್ದುದರಿಂದ, ಅವಳು ಅವನ ಮಾನವನ್ನು ಇನ್ನೊಮ್ಮೆ ಉಳಿಸಿ ಕೆಳಗಿಳಿದು ಹೋದಳು.